ಲ್ಯಾವೆಂಡರ್ ಗೋಡೆಯ ಎಣ್ಣೆ ಕಲೆ

"ಅಪ್ಪಾ, ಮತ್ತೆ ಬಂತು!"

ಶಿವರಂಜಿನಿ ಕೂಗಿದ ರಭಸಕ್ಕೆ ಅಪ್ಪ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದ. ಹಾವೋ ಚೇಳೋ ಬಂದಿರಬೇಕು ಎಂದುಕೊಂಡಿದ್ದ. ಬಂದಿದ್ದು ಅದೆರಡೂ ಅಲ್ಲ. ಕಿಟಕಿ ಪಕ್ಕದ ಗೋಡೆಯಲ್ಲಿ, ನಿನ್ನೆ ತಾನೇ ಬಳಿದ ಲ್ಯಾವೆಂಡರ್ ಬಣ್ಣದ ನಡುವೆ, ಸೆಟ್ ದೋಸೆಯಷ್ಟು ಅಗಲದ ಹಳದಿ ಕಲೆಯೊಂದು ಮತ್ತೆ ಮೂಡಿತ್ತು.

"ಎರಡ್ ಕೋಟ್ ಹೊಡೆದ್ವಲ್ಲಪ್ಪಾ!"

ಅಪ್ಪ ನೊರೆಬಾಯಲ್ಲಿ ಏನೋ ಹೇಳಿದ. ಅದು ಅವನಿಗೇ ಅರ್ಥವಾಗಿರಲಿಕ್ಕಿಲ್ಲ.

ರಂಜಿಗೆ ಅಳುವೇ ಬಂತು. ಚಾಮರಾಜಪೇಟೆಯ ಆ ಹಳೇ ಮನೆಯಲ್ಲಿ ಇದ್ದದ್ದೇ ಎರಡು ರೂಮು. ಒಂದರಲ್ಲಿ ಅಪ್ಪ, ಅಮ್ಮ, ಅವಳು. ಇನ್ನೊಂದು ಅಜ್ಜಿಯದು. ಅವಳಿಗೆ ಹತ್ತು ತುಂಬಿದ ದಿನ ಅಜ್ಜಿಯೇ, "ಮಗು ದೊಡ್ಡೋಳಾದ್ಲು, ಓದ್ಕೊಳ್ಳೋಕೆ ರೂಮ್ ಬೇಕು. ನಂಗೆ ಹಾಲ್‌ನಲ್ಲಿ ದಿವಾನ್ ಸಾಕು" ಎಂದು ಬಿಟ್ಟುಕೊಟ್ಟಿದ್ದಳು.

ಅಂಗಡಿಯವರು ಕೊಟ್ಟ ಬಣ್ಣದ ಕಾರ್ಡನ್ನು ರಂಜಿ ಊಟದ ತಟ್ಟೆಯ ಪಕ್ಕದಲ್ಲೂ ಇಟ್ಟುಕೊಂಡು ಯೋಚಿಸಿ, ಕೊನೆಗೆ ಲ್ಯಾವೆಂಡರ್ ಆರಿಸಿದ್ದಳು. ಅಪ್ಪ ರಜೆಯಲ್ಲಿ ಲುಂಗಿ ಎತ್ತಿ ಕಟ್ಟಿ ತಾನೇ ಪೇಂಟರ್ ಆಗಿದ್ದ. ರಂಜಿಯೂ ರೋಲರ್ ಉರುಳಿಸಿದ್ದಳು. ಬಣ್ಣ ಗೋಡೆಗಿಂತ ಅವಳ ಮೂಗಿಗೇ ಜಾಸ್ತಿ ಹತ್ತಿತ್ತು ಅನ್ನುವುದು ಬೇರೆ ಮಾತು. ಕ್ಲಾಸಿನಲ್ಲಿ ಗೆಳತಿ ಆರಾಧನಾಳ ಮುಂದೆ ಜಂಬ ಕೊಚ್ಚಿಕೊಂಡೂ ಆಗಿತ್ತು. ಬರುವ ಭಾನುವಾರ ಅವಳು ರೂಮ್ ನೋಡಲು ಬರುವವಳಿದ್ದಳು.

ಅಪ್ಪ ಬಾಯಿ ತೊಳೆದು ಬಂದು ಕಲೆಯ ಮೇಲೆ ಬೆರಳಾಡಿಸಿದ.

"ಎಣ್ಣೆ ಕಣೇ ಇದು. ಅಜ್ಜಿ ಇಲ್ಲೇ ತಲೆ ಒರಗಿಸ್ಕೊಂಡು ಕೂತ್ಕೋತಿದ್ಲಲ್ಲ? ಗೋಡೆ ವರ್ಷಗಟ್ಟಲೆ ಎಣ್ಣೆ ಕುಡಿದಿದೆ. ಈಗ ಪೇಂಟನ್ನ ದಾಟ್ಕೊಂಡು ಆಚೆ ಬರ್ತಿದೆ."

"ಥೂ! ಅಜ್ಜಿ ತಲೆ ಎಣ್ಣೆನಾ? ನನ್ ರೂಮೆಲ್ಲಾ ಹಾಳಾಯ್ತು! ಯಾಕಾದ್ರೂ ಅಷ್ಟೊಂದ್ ಎಣ್ಣೆ ಮೆತ್ಕೋತಾಳೋ!"

ಹೇಳಿ ತಿರುಗಿದರೆ ಬಾಗಿಲಲ್ಲಿ ಅಜ್ಜಿ. ಕೈಯಲ್ಲಿ ಅಪ್ಪನ ಕಾಫಿ ಲೋಟ. ಅಜ್ಜಿ ಲೋಟವನ್ನು ಅಪ್ಪನಿಗೆ ಕೊಟ್ಟು, ಗೋಡೆಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

"ಕೇಳಿಸ್ಕೊಂಡ್ಲು ನೋಡು," ಅಪ್ಪ ಪಿಸುಗುಟ್ಟಿದ.

"ಕೇಳಿಸ್ಕೊಳ್ಲಿ," ಅಂದುಬಿಟ್ಟಳು ರಂಜಿ. ಅಂದಮೇಲೆ ಏನೋ ಕಸಿವಿಸಿಯಾಯಿತು. ಅಷ್ಟರಲ್ಲಿ ಸ್ಕೂಲ್ ವ್ಯಾನಿನ ಹಾರ್ನ್ ಕೇಳಿತು, ಅವಳು ಬ್ಯಾಗ್ ಹುಡುಕಲು ಓಡಿದಳು.

ಆ ವಾರ ಅಮ್ಮ ಗಾಂಧಿ ಬಜಾರಿನಿಂದ ಚೀಲದ ತುಂಬ ಅವರೆಕಾಯಿ ತಂದಳು. ಅಜ್ಜಿ ಹಾಲ್‌ನ ನಟ್ಟನಡುವೆ ಚಾಪೆ ಹಾಸಿ ಸುಲಿಯಲು ಕೂತಳು. ಬೆನ್ನಿಗೆ ಆಸರೆಯೇ ಇಲ್ಲ. ಆಗಾಗ ಕೈ ಹಿಂದಕ್ಕೆ ಊರಿ ಸೊಂಟ ನೀವಿಕೊಳ್ಳುತ್ತಿದ್ದಳು.

"ಅತ್ತೆ, ಗೋಡೆಗೆ ಒರಗಿ ಕೂತ್ಕೊಳ್ಳಬಾರ್ದಾ?" ಎಂದಳು ಅಮ್ಮ.

"ಇಲ್ಲೇ ಸರಿಯಾಗಿದೆ ಬಿಡಮ್ಮ."

ರಂಜಿ ಅದನ್ನು ನೋಡಿದಳು. ಆದರೆ ಅವಳ ತಲೆಯೆಲ್ಲ ಕಲೆಯ ಮೇಲೆ ಏನು ಅಂಟಿಸುವುದು ಎಂಬುದರಲ್ಲೇ ಇತ್ತು. ವರ್ಲ್ಡ್ ಮ್ಯಾಪ್ ಅಂಟಿಸಿದರೆ ಮುಚ್ಚೀತೇ?

ಪ್ರತಿ ಶುಕ್ರವಾರ ರಂಜಿ ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿ ಬೆಚ್ಚಗಿನ ಕೊಬ್ಬರಿ ಎಣ್ಣೆಯ ವಾಸನೆ ಇರುತ್ತಿತ್ತು. ಅಜ್ಜಿಯ ತಲೆ ಮಿರಮಿರ ಹೊಳೆಯುತ್ತಿತ್ತು. ಈ ಶುಕ್ರವಾರ ವಾಸನೆ ಇರಲಿಲ್ಲ. ಅಜ್ಜಿಯ ಬಿಳಿ ಕೂದಲು ತೆಂಗಿನ ನಾರಿನ ಹಾಗೆ ಕೆದರಿತ್ತು.

"ಅಜ್ಜಿ, ಎಣ್ಣೆ ಖಾಲಿ ಆಯ್ತಾ?"

"ಇದೆ ಕಣೇ."

"ಮತ್ತೆ ಯಾಕ್ ಹಚ್ಕೊಂಡಿಲ್ಲ?"

"ಹೊಸ ಬಣ್ಣದ ಮನೆ ಅಲ್ವಾ? ಮರೆತು ಎಲ್ಲಾದ್ರೂ ಒರಗಿಬಿಟ್ರೆ ಕಷ್ಟ. ವಯಸ್ಸಾಯ್ತು ನೋಡು, ಗ್ಯಾನ ಇರಲ್ಲ."

ಅಜ್ಜಿಯ ದನಿಯಲ್ಲಿ ಕೋಪವೇ ಇರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ರಂಜಿಗೆ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅವಳು ಅಂದು ಹಾಲು ಕುಡಿಯದೆ ಲೋಟ ಅಲ್ಲೇ ಬಿಟ್ಟು ಹೋದಳು.

ಶನಿವಾರ ಅಪ್ಪ ಒಂದು ಸಣ್ಣ ಡಬ್ಬಿ ಹಿಡಿದು ಬಂದ.

"ಇದು ಬೇರೆ ಪ್ರೈಮರ್. ಕಲೇನ ಒಳಗೇ ಹಿಡಿದು ಕೂರಿಸತ್ತಂತೆ. ಇದರ ಮೇಲೆ ಪೇಂಟ್ ಹೊಡೆದ್ರೆ ಆಚೆ ಬರಲ್ಲ. ಖುಷಿನಾ?"

ರಂಜಿ ಹೂಂ ಅಂದಳು. ಖುಷಿಯೇನೂ ಆಗಲಿಲ್ಲ.

ಅಪ್ಪ ಬ್ರಷ್ ಅದ್ದುತ್ತಾ ನಕ್ಕ. "ಅಂದ್ಹಾಗೆ, ಈ ಕಲೇಲಿ ಅರ್ಧ ನಿಂದೇ."

"ನಂದಾ? ನಾನು ಎಣ್ಣೆನೇ ಹಚ್ಚಿಸ್ಕೊಳಲ್ಲ!"

"ನೀನ್ ಹುಟ್ಟಿದಾಗ ತೊಟ್ಟಿಲಲ್ಲಿ ಹಾಕಿದ್ರೆ ರಂಪ. ಹಾಸಿಗೇಲಿ ಹಾಕಿದ್ರೆ ರಂಪ. ಅಜ್ಜಿ ಕಾಲು ನೀಡಿ ಕೂತು, ಆ ಕಾಲ್ ಮೇಲೆ ಮಲಗಿಸ್ಕೊಂಡ್ರೆ ಮಾತ್ರ ನಿದ್ದೆ. ಕಾಲು ಅಲ್ಲಾಡಿಸಿದ್ರೆ ಮತ್ತೆ ಶುರು. ಅದಕ್ಕೆ ಅವಳು ಇಲ್ಲೇ, ಹೀಗೇ, ಗೋಡೆಗೆ ತಲೆ ಕೊಟ್ಟು ತೂಕಡಿಸೋಳು. ಒಂದ್ ದಿನ ಎರಡ್ ದಿನ ಅಲ್ಲ, ನೀನು ನಡೆಯೋವರ್ಗೂ."

ಹೇಳುತ್ತಲೇ ಅಪ್ಪ ಕಲೆಯ ಮೇಲೆ ಪ್ರೈಮರ್ ಎಳೆದ. ಮರುದಿನ ಬೆಳಿಗ್ಗೆ ಅದರ ಮೇಲೆ ಲ್ಯಾವೆಂಡರ್ ಬಳಿದ. ಗೋಡೆ ಈಗ ಅಂಗಡಿಯ ಕಾರ್ಡಿನಲ್ಲಿದ್ದಷ್ಟೇ ಚೆಂದ. ಎಷ್ಟು ಬಗ್ಗಿ ನೋಡಿದರೂ ಕಲೆ ಎಲ್ಲಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ರಂಜಿ ಆ ಜಾಗದ ಎದುರೇ ಕೂತಿದ್ದಳು.

ಮಧ್ಯಾಹ್ನ ಬಣ್ಣ ಒಣಗಿದ ಮೇಲೆ ಅಮ್ಮನಿಂದ ಎಣ್ಣೆ ಬೆಚ್ಚಗೆ ಮಾಡಿಸಿಕೊಂಡು, ಬಟ್ಟಲು, ಬಾಚಣಿಗೆ ಎರಡನ್ನೂ ಹಿಡಿದು ಹಾಲ್‌ಗೆ ಬಂದಳು.

"ಅಜ್ಜಿ, ಬಾ ರೂಮಿಗೆ."

"ಅಯ್ಯೋ, ನಿನ್ ಫ್ರೆಂಡ್ ಬರೋ ಹೊತ್ತಲ್ವೇ? ಈಗೆಲ್ಲಿ ಎಣ್ಣೆ!"

"ಬರ್ಲಿ ಬಿಡು. ನೀನ್ ಬಾ."

ಕಿಟಕಿಯ ಪಕ್ಕ, ಅದೇ ಜಾಗದಲ್ಲಿ ಅಜ್ಜಿಯನ್ನು ಕೂರಿಸಿದಳು. ಅಜ್ಜಿ ಗೋಡೆಯಿಂದ ಒಂದು ಗೇಣು ದೂರವೇ ಕೂತಳು. ರಂಜಿ ಅಜ್ಜಿಯ ನೆತ್ತಿಗೆ ಎಣ್ಣೆ ಸುರಿದು ತಟ್ಟಿದಳು. ಅರ್ಧ ಎಣ್ಣೆ ಕಿವಿಯ ಮೇಲೆ ಇಳಿಯಿತು. ತುರುಬು ಕಟ್ಟಿದರೆ ಅದು ಒಂದು ಕಡೆ ಜೋತುಬಿತ್ತು.

"ಅಜ್ಜಿ, ಅವತ್ತು ಥೂ ಅಂದೆ ಅಲ್ವಾ? ಹಂಗ್ ಅನ್ಬಾರ್ದಿತ್ತು."

ಅಜ್ಜಿ ಪಕ್ಕಕ್ಕೆ ಕೈ ಚಾಚಿ ಅವಳ ಕೆನ್ನೆ ತಟ್ಟಿದಳು. "ಚಿಕ್ಕೋಳು, ಏನೋ ಅಂದೆ. ಬಿಡು."

"ಸರಿ, ಈಗ ಒರಗ್ಕೋ."

"ಬೇಡ್ವೇ! ಈಗಷ್ಟೇ ಬಣ್ಣ..."

"ಒರಗ್ಕೋ ಅಜ್ಜಿ. ನೀನ್ ಒರಗ್ದಿದ್ರೆ ನಾನೆಲ್ಲಿ ಮಲಗ್ಲಿ?"

ಹಾಗೆಂದವಳೇ ಅಜ್ಜಿಯ ಕಾಲು ಎಳೆದು ನೀಡಿಸಿ ಅದರ ಮೇಲೆ ಮಲಗಿಬಿಟ್ಟಳು. ಅಜ್ಜಿಯ ಕಾಲು ಇದ್ದಷ್ಟೇ ಇತ್ತು, ರಂಜಿ ಉದ್ದವಾಗಿದ್ದಳು. ಅವಳ ಅರ್ಧ ಮೈ ನೆಲದ ಮೇಲೆ. ಅಜ್ಜಿ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಬೆನ್ನು ಸಡಿಲಿಸಿ ಹಿಂದಕ್ಕೆ ಒರಗಿದಳು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿತು.

ರಂಜಿ ಕಾಲು ಅಲುಗದ ಹಾಗೆ ಎದ್ದಳು. ಅಜ್ಜಿಯ ಎಣ್ಣೆ ತಲೆ ಲ್ಯಾವೆಂಡರ್ ಗೋಡೆಗೆ ಒತ್ತಿಕೊಂಡಿತ್ತು. ನೋಡುತ್ತಾ ನಿಂತಳು. ಬೇಸರವಾಗಲಿಲ್ಲ.

ಗೇಟಿನ ಸದ್ದಾಯಿತು. ಆರಾಧನಾ ಚಪ್ಪಲಿ ಬಿಡುವ ಮೊದಲೇ, "ಎಲ್ಲೇ ನಿನ್ ರೂಮು? ತೋರ್ಸು!" ಎಂದು ಕೂಗಿದಳು.

"ಶ್! ಮೆಲ್ಲಗೆ. ಅಜ್ಜಿ ಮಲಗಿದಾಳೆ. ರೂಮ್ ಆಮೇಲೆ ತೋರಿಸ್ತೀನಿ, ಬಾ ಇಲ್ಲಿ ಕೂತ್ಕೊಳ್ಳೋಣ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಕಲರ್ ಯಾವ್ದು, ಅದಾದ್ರೂ ಹೇಳು," ಎಂದಳು ಆರಾಧನಾ.

"ಲ್ಯಾವೆಂಡರ್," ಅಂದಳು ರಂಜಿ. ರೂಮಿನ ಕಡೆ ತಿರುಗಿ ನೋಡಿ, "ಕಿಟಕಿ ಹತ್ರ ಒಂದ್ ಕಡೆ ಮಾತ್ರ ಸ್ವಲ್ಪ ಬೇರೆ ಥರ ಆಗತ್ತೆ" ಎಂದಳು.