ಎಡಗೈಯ ಮಾತು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮಮ್ಮನ ಕೈ ಮುರಿದಿದ್ದಾರೆ. ಮಂಚದಿಂದ ಬಿದ್ದರು ಅಂತ ಕತೆ ಕಟ್ತಿದ್ದಾರೆ. ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ತಾನೇ ಪೆನ್ನು ತೆಗೆದುಕೊಂಡಳು. ಅಮ್ಮ ಅರವತ್ತೆಂಟು ವರ್ಷದ ನಿವೃತ್ತ ಟೀಚರ್. ಏಳು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಅಂದಿನಿಂದ ಆರೈಕೆ ಕೇಂದ್ರವೊಂದರಲ್ಲಿದ್ದರು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬೇಕು, ಬೇಡ, ನೀರು, ನೋವು, ಎಲ್ಲವನ್ನೂ ಎಡಗೈಯಲ್ಲೇ ಹೇಳುತ್ತಿದ್ದರು.

"ಯಾವ ಕೈ ಮುರಿದಿರೋದು?"

"ಎಡಗೈ," ಎಂದಳು ಮಗಳು.

ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಆರೈಕೆ ಕೇಂದ್ರದ ಮ್ಯಾನೇಜರು ಬಾಗಿಲಲ್ಲೇ ಕೈಮುಗಿದು ನಿಂತಿದ್ದ.

"ವಯಸ್ಸಾದವರು ಮೇಡಂ, ಬಿದ್ದುಬಿಡ್ತಾರೆ."

"ಬಿದ್ದದ್ದನ್ನ ಯಾರು ನೋಡಿದ್ರು?"

"ಯಾರೂ ನೋಡಿಲ್ಲ..."

"ಮತ್ತೆ ರಿಜಿಸ್ಟರಲ್ಲಿ ಬಿದ್ದರು ಅಂತ ಬರೆದವರು ಯಾರು? ನಿಮ್ಮ ತಾತನಾ?"

ಟೀಚರನ್ನು ಆಗಲೇ ಆಸ್ಪತ್ರೆಗೆ ಸೇರಿಸಿದ್ದರು. ಇಬ್ಬರು ಪಂಚರ ಎದುರು, ಅವರಿದ್ದ ಆರನೇ ಕೋಣೆಯ ಪಂಚನಾಮೆ ನಡೆಯಿತು. ಮಂಚದ ಎರಡೂ ಬದಿಗೆ ಎದೆಮಟ್ಟದ ಕಂಬಿಗಳಿದ್ದವು. ಚಿಲಕ ಹಾಕುವುದಕ್ಕೂ ತೆಗೆಯುವುದಕ್ಕೂ ಮಂಚದ ಹೊರಗೆ ನಿಂತವರೇ ಬೇಕು. ಅರ್ಧ ದೇಹ ಸತ್ತವರು ಅದನ್ನು ದಾಟಿ ಬೀಳುವುದು ಹೇಗೆಂದು ಕೇಳಿದರೆ ಮ್ಯಾನೇಜರು ಕೆಮ್ಮಿದ.

ಹೊರಗೆ ಮೊಗಸಾಲೆಯಲ್ಲಿ ಹೆಡ್ ಕಾನ್‌ಸ್ಟೆಬಲ್‌ನ ಗಂಟಲು ಜೋರಾಗಿತ್ತು. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಆರನೇ ಕೋಣೆ ನೋಡಿಕೊಳ್ಳುವ ಆಯಾಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಗೋಡೆಗೆ ಲಾಠಿ ಬಡಿಯುತ್ತಿದ್ದ.

"ಇವಳೇ ಮೇಡಂ. ತಲೆ ಎತ್ತಲ್ಲ, ಕೈ ನಡುಗುತ್ತೆ, ತುಟಿ ಒಣಗಿಹೋಗಿದೆ. ಇಪ್ಪತ್ತೆರಡು ವರ್ಷದ ಸರ್ವೀಸು ನಂದು. ಮೈ ನೋಡಿದ್ರೆ ಸಾಕು, ತಪ್ಪು ಮಾಡಿದವರು ಗೊತ್ತಾಗ್ತಾರೆ. ಅಲ್ನೋಡಿ, ಟೀಚರ ದೊಡ್ಡ ಮಗ ಬಂದಿದ್ದಾರೆ. ಕಣ್ಣಲ್ಲಿ ಕಣ್ಣಿಟ್ಟು ಹೆಂಗೆ ಮಾತಾಡ್ತಾರೆ!"

ಬೆಂಚಿನ ಮೇಲಿದ್ದ ಆ ಮಗ ನೆಟ್ಟಗೆ ಎದ್ದುನಿಂತು, "ಯಾರನ್ನೂ ಬಿಡಬೇಡಿ ಮೇಡಂ," ಎಂದ. ದನಿಯಲ್ಲಿ ಒಂದಿಷ್ಟೂ ಏರಿಳಿತವಿರಲಿಲ್ಲ.

ಇನ್ಸ್‌ಪೆಕ್ಟರ್ ಮೀಸೆಯನ್ನು ಪಕ್ಕಕ್ಕೆ ಕರೆದಳು. "ಕಿವಿ ಹತ್ರ ಲಾಠಿ ಬಡಿದ್ರೆ ನನ್ನ ಕೈಯೂ ನಡುಗುತ್ತೆ ಕಣಯ್ಯ. ಹೆದರಿಕೆಗೂ ತಪ್ಪಿಗೂ ವ್ಯತ್ಯಾಸ ಗೊತ್ತಿಲ್ದೆ ಇಪ್ಪತ್ತೆರಡು ವರ್ಷ ಏನು ಕಲಿತೆ ನೀನು? ಹೋಗು, ಅವರಿಗೆ ನೀರು ತಂದುಕೊಡು."

ಖಾಲಿ ಕೋಣೆಯೊಂದರಲ್ಲಿ ಆಯಾಳ ಪಕ್ಕ ಕೂತು ಬಾಗಿಲು ಹಾಕಿಸಿದಳು. "ಅಕ್ಕಾ, ಯಾರೂ ಕೇಳಿಸ್ಕೊಳ್ಳಲ್ಲ. ಹೇಳಿ."

ಆಯಾ ಬಾಯಿಬಿಟ್ಟಳು. "ದೊಡ್ಡ ಮಗ ಒಳಗೆ ಕಾಲಿಟ್ರೆ ಟೀಚರಮ್ಮ ಕಾಲ್ಬೆರಳು ಬಿಗಿಯಾಗಿ ಮಡಚ್ಕೊತಾರೆ ಅಮ್ಮಾ. ಎರಡು ವಾರದಿಂದ ಹಿಂಗೇ. ಒಂದಿನ ಕೆನ್ನೆ ಕೆಂಪಗಿತ್ತು. ಮ್ಯಾನೇಜರಿಗೆ ಹೇಳ್ದೆ. ಕೆಲಸ ಬೇಕಾದ್ರೆ ಬಾಯಿ ಮುಚ್ಕೊಂಡಿರು, ಕೇಂದ್ರದ ಹೆಸರು ಹಾಳಾಗುತ್ತೆ ಅಂದ್ರು."

ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡು ಅಷ್ಟನ್ನೂ, ಆಯಾ ವಿವರಿಸಿದ ಟೀಚರ ಕೈಸನ್ನೆಗಳನ್ನೂ ಬರೆದುಕೊಂಡಳು.

ಉಳಿದದ್ದು ಒಂದೊಂದಾಗಿ ಬಂತು. ಸೋಮವಾರ ಮಧ್ಯಾಹ್ನ ಮೂರು ಹತ್ತಕ್ಕೆ ದೊಡ್ಡ ಮಗ ಆರನೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದು, ಒಂಬತ್ತು ನಿಮಿಷಕ್ಕೆ ಹೊರಬಂದದ್ದು ಮೊಗಸಾಲೆಯ ಕ್ಯಾಮೆರಾದಲ್ಲಿತ್ತು. ಆಮೇಲೆ ಒಳಗೆ ಹೋದವಳು ಆಯಾ ಒಬ್ಬಳೇ, ಅದೂ ನಾಲ್ಕು ಗಂಟೆ ಐದು ನಿಮಿಷಕ್ಕೆ. ಊದಿದ ಕೈ ಕಂಡು ಅರಚುತ್ತಾ ಓಡಿಬಂದಿದ್ದಳು. ಡಾಕ್ಟರ ವರದಿ ಚುಟುಕಾಗಿತ್ತು: ಮೂಳೆ ಬಿದ್ದು ಮುರಿದದ್ದಲ್ಲ, ತಿರುಚಿ ಮುರಿದದ್ದು. ಮಣಿಕಟ್ಟಿನ ಒಂದು ಕಡೆ ನಾಲ್ಕು ಬೆರಳಿನ ಗುರುತು, ಇನ್ನೊಂದು ಕಡೆ ಹೆಬ್ಬೆರಳಿನದು.

ಬುಧವಾರ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ಮ್ಯಾಜಿಸ್ಟ್ರೇಟರ ಎದುರು ಟೀಚರ ಹೇಳಿಕೆ ದಾಖಲಾಯಿತು. ವಾಕ್ ಚಿಕಿತ್ಸಕಿ ಮೊದಲು ಪರೀಕ್ಷಿಸಿ ಖಾತ್ರಿ ಮಾಡಿಕೊಂಡಳು: ಒಮ್ಮೆ ಕಣ್ಣು ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ. ಕೈ ಮುರಿದದ್ದು ಇವರಾ ಎಂದು ಕೇಳಿ ಆಯಾಳ ಫೋಟೋ ಹಿಡಿದಾಗ ಕಣ್ಣು ಎರಡು ಸಲ ಮುಚ್ಚಿತು. ಮ್ಯಾನೇಜರನ ಫೋಟೋಗೂ ಎರಡು ಸಲ. ಮಗನ ಫೋಟೋ ಹಿಡಿದಾಗ ಟೀಚರು ಸುಮ್ಮನೆ ನೋಡುತ್ತಲೇ ಇದ್ದರು. ನೀರು ತುಂಬಿತು, ಕೆನ್ನೆಗಿಳಿಯಿತು. ಯಾರೂ ಅವಸರ ಮಾಡಲಿಲ್ಲ. ಕಡೆಗೆ ಒಮ್ಮೆ, ಗಟ್ಟಿಯಾಗಿ, ಕಣ್ಣು ಮುಚ್ಚಿದರು.

ಮಧ್ಯಾಹ್ನ ಎರಡೂಕಾಲು ಗಂಟೆಗೆ ಮಗನನ್ನು ಅವನ ಕಚೇರಿಯಲ್ಲೇ ಬಂಧಿಸಿದರು. ಸಾಕ್ಷ್ಯ ಮುಚ್ಚಿಟ್ಟದ್ದಕ್ಕೆ ಮ್ಯಾನೇಜರನ ಮೇಲೂ ಪ್ರಕರಣ ಬಿತ್ತು. ಠಾಣೆಯ ಮೇಜಿನೆದುರು ಕೂತಾಗಲೂ ಮಗನ ಬೆನ್ನು ನೆಟ್ಟಗೇ ಇತ್ತು.

"ಯಾಕೆ ಮಾಡಿದ್ರಿ?"

"ನನ್ನ ನೋಡಿ ನಗ್ತಿದ್ದಳು."

"ಏನು?"

"ಹೋದಾಗೆಲ್ಲ ಬಾಯಿ ಓರೆ ಮಾಡಿ ನಗು. ಅವಳ ಕ್ಲಾಸಲ್ಲೇ ಓದಿದವನು ನಾನು. ತಪ್ಪು ಹೇಳಿದ್ರೆ ಹಿಂಗೇ ನಗ್ತಿದ್ದಳು, ಮಿಕ್ಕವರೆಲ್ಲ ಗೊಳ್ ಅಂತಿದ್ರು. ಈಗ ನನಗೆ ನಲವತ್ತಾರು. ಮೊನ್ನೆ ನಗ್ತಾ ಕೈ ಬೇರೆ ಎತ್ತಿದಳು, ಹೊಡೆಯೋಕೆ."

"ಅವರ ಮುಖ ಒಂದು ಕಡೆ ಬಿದ್ದುಹೋಗಿದೆ. ಇನ್ನೊಂದು ಕಡೆ ಎಳೆಯುತ್ತೆ. ಡಾಕ್ಟರು ಹೇಳಿರಲಿಲ್ವಾ?"

"ಹೇಳಿದ್ರು. ನಮ್ಮಮ್ಮನ ನಗು ಅವರಿಗೇನು ಗೊತ್ತು?"

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಮುಷ್ಟಿ ಬಿಗಿಹಿಡಿದಳು. "ಕೈ ಹೇಗೆ ಎತ್ತಿದ್ರು? ತೋರಿಸಿ."

ಅವನು ತನ್ನ ಎಡಗೈ ಎತ್ತಿದ. ಅಂಗೈ ಮೇಲ್ಮುಖವಾಗಿತ್ತು, ಬೆರಳುಗಳು ಸಡಿಲವಾಗಿ ಬಿಡಿಸಿಕೊಂಡಿದ್ದವು.

"ಅದರರ್ಥ ಹತ್ತಿರ ಬಾ, ಪಕ್ಕ ಕೂತ್ಕೋ ಅಂತ. ರಕ್ತಸಂಬಂಧವಿಲ್ಲದ ಆಯಾ ಈ ಸನ್ನೆ ಕಲಿತಿದ್ದಾಳೆ, ಅವಳ ಹೇಳಿಕೆಯಲ್ಲಿದೆ. ನಿಮಗೆ ಹೊಡೆಯೋದು ಕಾಣ್ತಾ?"

ಅವನು ಎತ್ತಿದ ಕೈಯನ್ನೇ ನೋಡಿಕೊಂಡ. ಇಳಿಸಲು ಹೋದ, ಆಗಲಿಲ್ಲ. ಬೆನ್ನು ಮೆಲ್ಲಗೆ ಬಾಗಿತು.

"ಒಂದ್ಸಲ ಅಮ್ಮನ್ನ ನೋಡಬಹುದಾ ಮೇಡಂ?"

ಅವನ ಬಾಲ್ಯಕ್ಕೆ ಮರುಗಬೇಕೆನ್ನಿಸಿತು ಇನ್ಸ್‌ಪೆಕ್ಟರಿಗೆ. ಆದರೆ ಸಿಟ್ಟು ಇಳಿಯಲಿಲ್ಲ.

"ಕೋರ್ಟಲ್ಲಿ ನೋಡುವಿರಂತೆ," ಎಂದು ಬಂಧನದ ಪತ್ರವನ್ನು ಸಹಿಗೆ ಅವನತ್ತ ತಳ್ಳಿದಳು.