ಗುಳುಕನ ಬಲಗೈ

"ಇದಕ್ಕೆ ಇನ್ನೊಂದು ಕೈ ಎಲ್ಲಿ?"

ಶ್ರೀವಾಣಿ ತಲೆ ಎತ್ತಿದಳು. ಮಣಿಪಾಲದ ಕೆಫೆಯೊಂದರ ಅಂಗಳದಲ್ಲಿ ಆ ಭಾನುವಾರ ಕೈಕೆಲಸದ ಸಂತೆ. ಅವಳ ಮೇಜಿನ ಮೇಲೆ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಆನೆ, ಆಮೆ, ಮೀನುಗಳು ಸಾಲಾಗಿ ಕೂತಿದ್ದವು. ಆ ಮನುಷ್ಯ ಅವನ್ನೆಲ್ಲ ಬಿಟ್ಟು, ಅವಳ ಕೈಚೀಲದಿಂದ ಅರ್ಧ ಹೊರಗೆ ಇಣುಕುತ್ತಿದ್ದ ಕಂದು ಬಣ್ಣದ ನೀರುನಾಯಿಯನ್ನು ಎತ್ತಿಕೊಂಡಿದ್ದ.

"ಅದು ಮಾರಾಟಕ್ಕೆ ಇಲ್ಲ."

"ಒಂದೇ ಕೈ ಅಲ್ವಾ? ಅರ್ಧ ರೇಟಿಗೆ ಕೊಡ್ತೀರೇನೋ ಅಂದುಕೊಂಡೆ."

"ಇಲ್ಲ ಅಂದೆನಲ್ಲ. ಕೊಡಿ ಇಲ್ಲಿ."

ಅವನು ಕೊಡಲಿಲ್ಲ. ಗೊಂಬೆಯ ಮಡಿಚಿದ ಕಿವಿಯನ್ನು ನೋಡಿದ, ಕೊರಳಿನ ಹಸಿರು ಶಾಲನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. ಮೂವತ್ತು ದಾಟಿದ ಆ ಮುಖ ಹತ್ತು ವರ್ಷದ ಹುಡುಗನದ್ದಾಯಿತು.

"ಮಾರಾಯ್ರೆ, ಇದು ಗುಳುಕ ಅಲ್ವಾ?"

ಅವರಿಬ್ಬರ ವಯಸ್ಸಿನವರು ಶಾಲೆಯಿಂದ ಓಡಿ ಬಂದು ಟಿವಿಯಲ್ಲಿ ನೋಡುತ್ತಿದ್ದ ಕಾರ್ಟೂನು ಅದು. ಪ್ರತಿ ಸಲವೂ ಗುಳುಕ ಹೊಳೆಗೆ ಬೀಳುತ್ತಿದ್ದ. ಮೂಗಿನಿಂದ ಬಾಲದವರೆಗೆ ನೀರು ತೊಟ್ಟಿಕ್ಕುತ್ತಾ ಮೇಲೆ ಬಂದು, ಎರಡೂ ಕೈ ಎತ್ತಿ, ಒಂದೇ ಮಾತು ಹೇಳುತ್ತಿದ್ದ.

"ನಾನು ಒದ್ದೆಯಾಗಲೇ ಇಲ್ಲ," ಎಂದ ಆ ಮನುಷ್ಯ, ಅದೇ ಕೀಚು ದನಿಯಲ್ಲಿ.

ಪಕ್ಕದ ಮೇಜಿನಲ್ಲಿ ಮೇಣದಬತ್ತಿ ಮಾರುತ್ತಿದ್ದ ಕ್ಯಾರಲ್ ಗೊಳ್ಳೆಂದು ನಕ್ಕಳು. ಶ್ರೀವಾಣಿ ಗೊಂಬೆಯನ್ನು ಅವನ ಕೈಯಿಂದ ತೆಗೆದು ಚೀಲದೊಳಗಿಟ್ಟಳು. ಅವಳ ಗಂಡ ಚಿನ್ಮಯ ಸ್ನಾನ ಮಾಡಿ ಟವೆಲ್ಲಿನಲ್ಲಿ ಹೊರಬಂದು ಇದೇ ಮಾತನ್ನು ಇದೇ ದನಿಯಲ್ಲಿ ಹೇಳುತ್ತಿದ್ದ. ಅವಳು ಬೈಯುವವರೆಗೆ ಕೈ ಇಳಿಸುತ್ತಿರಲಿಲ್ಲ.

"ತಪ್ಪಾಯಿತಾ?" ಅವನ ದನಿ ತಗ್ಗಿತು.

"ಇಲ್ಲ. ನನ್ನ ಗಂಡನಿಗೆಂದು ಶುರು ಮಾಡಿದ್ದು. ಅವರು ಈಗ ಇಲ್ಲ."

ಅಯ್ಯೋ ಎನ್ನಲಿಲ್ಲ ಅವನು. ವಯಸ್ಸು ಕೇಳಲಿಲ್ಲ, ಮಕ್ಕಳಿದ್ದಾರಾ ಎಂದೂ ಕೇಳಲಿಲ್ಲ. "ನನ್ನ ತಂಗಿಯ ಮಗಳು ಮೇಧಾ ಈಗ ಫೋನಿನಲ್ಲಿ ಅದನ್ನೇ ನೋಡ್ತಾಳೆ. ಅವಳಿಗೊಂದು ಮಾಡಿಕೊಡ್ತೀರಾ? ಎರಡು ಕೈಯದ್ದು. ಕೈ ಎತ್ತಲಿಕ್ಕೆ ಬರಬೇಕು, ಇಲ್ಲದಿದ್ದರೆ ಅವಳು ಒಪ್ಪುವುದಿಲ್ಲ," ಎಂದ.

ಅವನ ಹೆಸರು ಹೃಷೀಕೇಶ. ಮಣಿಪಾಲದಲ್ಲಿ ವಕ್ರ ಹಲ್ಲುಗಳಿಗೆ ಕ್ಲಿಪ್ ಹಾಕುವ ಡಾಕ್ಟರು.

*

ಚಿನ್ಮಯ ಹೋಗಿ ಎರಡು ವರ್ಷವಾಗಿತ್ತು. ಜ್ವರವೆಂದು ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ. ಗೊಂಬೆಯ ತಲೆ, ಮೈ, ಕಾಲು, ಬಾಲ, ಎಡಗೈ ಮುಗಿದಿದ್ದವು. ಬಲಗೈಗೆ ನೂಲು ಹಿಡಿಯುವಷ್ಟರಲ್ಲಿ ಮನೆ ತುಂಬ ಜನ. ಅವಳು ಕೆಲವು ತಿಂಗಳು ಕಾರ್ಕಳದ ತಾಯಿಮನೆಯಲ್ಲಿದ್ದು, ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಹಿಡಿದು, ಪರ್ಕಳದಲ್ಲಿ ರೂಮು ಮಾಡಿದಳು. ತಾನು ಅತ್ತ ನೆನಪು ಅವಳಿಗಿಲ್ಲ. ಜನ ಅದನ್ನು ಧೈರ್ಯ ಎಂದರು.

ರೂಮಿನ ಒಡತಿ ಸೆಲೀನ್ ಬಾಯಿ ಜಗಲಿಯಲ್ಲಿ ಕೂತಿರುತ್ತಿದ್ದುದರಿಂದ ಗೊಂಬೆಯ ಕೆಲಸ ನೋಡಲೆಂದು ಹೃಷೀಕೇಶ ಬಂದಾಗಲೂ ಕೂರುವುದು ಜಗಲಿಯಲ್ಲೇ. ಮೊದಲ ಸಂಜೆ ಅವನು ಅವಳ ಡಬ್ಬಿಯಿಂದ, ಗೊಂಬೆಯ ಕೈಯೊಳಗೆ ಹಾಕುವ ತಂತಿಯ ಸುರುಳಿ ಎತ್ತಿ ಮೂಗು ಮುರಿದ.

"ಇದು ಎಂತ ವೈರು?"

"ಹೂವಿನ ಬೊಕೆ ಕಟ್ಟುವವರು ಕೊಟ್ಟದ್ದು."

"ನಾಲ್ಕು ಸಲ ಬಗ್ಗಿಸಿದರೆ ತುಂಡು. ಗುಳುಕನಿಗೆ ಹಲ್ಲಿನ ವೈರೇ ಹಾಕುವ."

"ನೀರುನಾಯಿಗೆ ಕ್ಲಿಪ್ ಹಾಕಿದ ಮೊದಲ ಡಾಕ್ಟರು ನೀವೇ ಇರಬೇಕು."

"ಅದರ ಹಲ್ಲು ಸರಿ ಉಂಟು. ನನ್ನ ಪೇಷಂಟುಗಳ ಪೈಕಿ ಬಾಯಿ ಮುಚ್ಚಿ ಕೂರುವುದು ಅದೊಂದೇ."

"ಡಾಕ್ಟ್ರೆ," ಎಂದರು ಸೆಲೀನ್ ಬಾಯಿ ತಮ್ಮ ಕುರ್ಚಿಯಿಂದಲೇ, "ಗೊಂಬೆಯ ಕೈ ಆದ ಮೇಲೆ ನನ್ನ ಹಲ್ಲಿನ ಸೆಟ್ಟೂ ಸ್ವಲ್ಪ ನೋಡಿ. ಮಾತಾಡುವಾಗ ಅದು ನನಗಿಂತ ಮೊದಲು ಹೊರಡ್ತದೆ."

ಅವನು ತಂತಿಯ ಎರಡೂ ತುದಿಗಳನ್ನು ಪುಟ್ಟ ಉಂಗುರದಂತೆ ಸುತ್ತುತ್ತಿದ್ದ, ಮಗುವಿಗೆ ಚುಚ್ಚಬಾರದೆಂದು. ಮೇಲೆ ಬಟ್ಟೆಯ ಟೇಪು. ಅವಳು ಅದರ ಮೇಲೆ ಹೆಣೆದ ತೋಳು ತೊಡಿಸಿ ಹತ್ತಿ ತುಂಬುತ್ತಿದ್ದಳು. ತಲೆ ತಗ್ಗಿಸಿ ಕೂತಿದ್ದರೂ ಅವಳಿಗೆ ಒಂದು ವಿಷಯ ತಿಳಿಯುತ್ತಿತ್ತು: ಇಕ್ಕಳದ ಸದ್ದು ನಿಂತಾಗೆಲ್ಲ ಅವನು ಅವಳನ್ನು ನೋಡುತ್ತಿದ್ದ. ಅವಳು ಕತ್ತು ಎತ್ತಿದರೆ ಸದ್ದು ಮತ್ತೆ ಶುರು.

ಮೇಧಾಳ ಗೊಂಬೆ ಮುಗಿಯುವ ಹೊತ್ತಿಗೆ ಮಳೆಗಾಲವೂ ಮುಗಿದಿತ್ತು. ಅವನು ಬರುವುದು ನಿಲ್ಲಲಿಲ್ಲ.

"ಇನ್ನು ಆ ಗುಳುಕನಿಗೂ ಕೈ ಹಾಕಬಹುದಲ್ಲ?" ಎಂದು ಕೇಳಿದ ಒಂದು ದಿನ.

ಅವಳು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟಳು. ಅದರಲ್ಲಿ ಬರಿಯ ಕೈಗಳು. ಎಲ್ಲವೂ ಬಲಗೈ.

"ಹಾಕಲಿಕ್ಕೆ ನೋಡಿದ್ದೇನೆ. ಸೇರುವುದಿಲ್ಲ."

ಅವನು ಒಂದನ್ನು ತೆಗೆದು ಗೊಂಬೆಯ ಎಡಗೈಯ ಪಕ್ಕ ಹಿಡಿದ. ಹೊಸ ಕೈ ಗಿಡ್ಡ, ಗಟ್ಟಿ, ಕೋಲಿನಂತೆ. ಹಳೆಯದು ಬೆರಳಗಲ ಉದ್ದ, ಮೆತ್ತಗೆ.

"ಕಡ್ಡಿ ಬದಲಾಗಿದೆಯಾ?"

"ಅದೇ ಕಡ್ಡಿ. ಅದೇ ನೂಲು. ಕುಣಿಕೆಯ ಲೆಕ್ಕವೂ ಅದೇ." ಅವಳು ಡಬ್ಬಿ ಮುಚ್ಚಿದಳು. "ನನ್ನ ಕೈಯೇ ಬಿಗಿಯಾಗಿದೆ. ನೂಲನ್ನು ನಾನು ಎಷ್ಟು ಬಿಗಿ ಎಳೀತೇನೆ ಅಂತ ನನಗೇ ಗೊತ್ತಾಗುವುದಿಲ್ಲ. ಹೆಣೆಯುವಾಗ ಎಲ್ಲ ಸರಿ ಅನ್ನಿಸ್ತದೆ. ಅಳತೆ ಹಿಡಿದ ಮೇಲೆ ಹೀಗೆ."

"ಮೇಧಾಳದ್ದು ಸರಿ ಬಂತಲ್ಲ?"

"ಅದರ ಎರಡು ಕೈಯೂ ಬಿಗಿ. ಜೋಡಿ ಸರಿ ಇದ್ದರೆ ಯಾರಿಗೂ ಕಾಣುವುದಿಲ್ಲ."

ಅವನು ತಮಾಷೆಗೆ ಏನೋ ಹೇಳಹೊರಟು ಬಾಯಿ ಮುಚ್ಚಿದ. ಆ ಮೌನಕ್ಕೇ ಅವಳು ಅವನನ್ನು ಮೊದಲ ಸಲ ನೇರ ನೋಡಿದಳು.

*

ಕಾಪುವಿನಲ್ಲಿದ್ದ ತಂಗಿ ಸುಭಾಷಿಣಿಯ ಮನೆಗೆ ಏನೋ ತಲುಪಿಸಲಿಕ್ಕಿದೆ, ನೀವೂ ಬನ್ನಿ, ಸಮುದ್ರ ನೋಡಿ ಬರುವ ಎಂದ ಹೃಷೀಕೇಶ. ಅವಳು ಚೀಲದಲ್ಲಿ ನೂಲು ಕಡ್ಡಿ ಹಾಕಿಕೊಂಡೇ ಹೊರಟಳು.

ದೀಪಸ್ತಂಭದ ಬಂಡೆಯ ಮೇಲೆ ಕೂತರು. ಬಿಸಿಲು ಇಳಿಯುತ್ತಿತ್ತು. ಅವಳ ಕೈ ತನ್ನಷ್ಟಕ್ಕೆ ಹೆಣೆಯುತ್ತಿತ್ತು.

"ಸಮುದ್ರ ಅಲ್ಲಿ ಉಂಟು," ಎಂದ ಅವನು.

"ಕೇಳಿಸ್ತಾ ಉಂಟಲ್ಲ."

"ನಾನೂ ಇಲ್ಲಿ ಇದ್ದೇನೆ."

"ಅದೂ ಕೇಳಿಸ್ತಾ ಉಂಟು. ಬಂದಾಗಿನಿಂದ."

ಅವನು ನಕ್ಕ. ಗಾಳಿಗೆ ನೂಲಿನ ಉಂಡೆ ಜಾರಿ ಬಂಡೆಯ ಕೆಳಗೆ ಉರುಳಿತು. ಅವನು ಹಿಂದೆಯೇ ಇಳಿದು, ಕಾಲು ಜಾರಿ, ಮೊಣಕಾಲವರೆಗೆ ಅಲೆಯಲ್ಲಿ ನಿಂತ. ಉಂಡೆಯನ್ನು ಮೇಲೆತ್ತಿ ಹಿಡಿದು ಅವಳತ್ತ ತಿರುಗಿದ. ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನು ಹೇಳಲಿಲ್ಲ. ಅವಳ ಮುಖ ನೋಡಿ, ನುಂಗಿಕೊಂಡ.

"ಹೇಳಿ," ಎಂದಳು ಶ್ರೀವಾಣಿ.

"ಬೇಡ."

"ಹೇಳಿ, ಪರವಾಗಿಲ್ಲ."

"ನಾನು ಒದ್ದೆಯಾಗಲೇ ಇಲ್ಲ."

ಅವಳಿಗೆ ನಗು ಬಂತು. ಎಷ್ಟು ದಿನದ ಮೇಲೆಂದರೆ, ಆ ಸದ್ದು ಹಿಂದೆ ಕೂತ ಯಾರದೋ ಎಂದು ತಿರುಗಿ ನೋಡುವಂತಾಯಿತು. ಅವನು ಪ್ಯಾಂಟು ಹಿಂಡುತ್ತಾ ಪಕ್ಕ ಕೂತ. ನಡುವೆ ಒಂದು ಗೇಣಿನ ಜಾಗ. ಅದನ್ನು ಇಬ್ಬರೂ ಕಡಿಮೆ ಮಾಡಲಿಲ್ಲ, ಹೆಚ್ಚೂ ಮಾಡಲಿಲ್ಲ.

ರೂಮಿಗೆ ಬಂದು ಆ ಸಂಜೆ ಹೆಣೆದ ಕೈಯನ್ನು ಗೊಂಬೆಯ ಪಕ್ಕ ಹಿಡಿದಳು. ಎರಡು ಸಲ ಹಿಡಿದು ನೋಡಿದಳು. ಅಳತೆ ಕೂದಲಿನಷ್ಟೂ ತಪ್ಪಿರಲಿಲ್ಲ.

ಚಿನ್ಮಯನ ಫೋಟೋದ ಕಡೆ ನೋಡಲಾಗಲಿಲ್ಲ. ತವರಿನಿಂದ ಫೋನು ಬಂದಾಗ ಅಮ್ಮ ಎಂದಿನಂತೆ, "ಒಳ್ಳೆಯವರು ಯಾರಾದರೂ ಕೇಳಿದರೆ ಇಲ್ಲ ಅನ್ನಬೇಡ ಮಗಾ," ಎಂದರು. ಅಷ್ಟು ಕೇಳಿದೊಡನೆ ಫೋನು ಇಡುತ್ತಿದ್ದ ಅವಳು ಈ ಸಲ ಇಡಲಿಲ್ಲ.

ಮರುದಿನ ಹೃಷೀಕೇಶನಿಗೆ ಹೇಳಿದಳು. "ಕೈ ಸೇರಿತು."

"ಶುಕ್ರವಾರ ಮೇಧಾಳ ಹುಟ್ಟುಹಬ್ಬ, ಉಡುಪಿಯಲ್ಲಿ ನಮ್ಮ ಮನೆಯಲ್ಲೇ. ಬನ್ನಿ. ಅವತ್ತೇ ಅಮ್ಮನ ಹತ್ತಿರ ನಮ್ಮ ವಿಷಯ ಹೇಳಿಬಿಡ್ತೇನೆ. ನಿಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೇಳ್ತೇನೆ," ಎಂದ.

*

ಶುಕ್ರವಾರ ಬೆಳಿಗ್ಗೆ ಬಲಗೈಯನ್ನು ಚಿನ್ಮಯನ ಗೊಂಬೆಗೆ ಹೊಲಿದು, ಹೃಷೀಕೇಶನಿಗೆ ತೋರಿಸಬೇಕೆಂದು ಚೀಲದಲ್ಲಿಟ್ಟುಕೊಂಡಳು. ಮಾವಿನೆಲೆಯ ಬಣ್ಣದ ಸೀರೆ ಉಟ್ಟಳು. "ಕಡೆಗೂ ಬೂದು ಬಣ್ಣ ಬಿಟ್ಟೆಯಲ್ಲ ಮಾರಾಯ್ತಿ," ಎಂದರು ಸೆಲೀನ್ ಬಾಯಿ.

ಮಠದ ಬೀದಿಯಿಂದ ಒಳಗೆ, ಹಳೆಯ ಮನೆ. ಹೃಷೀಕೇಶನ ತಾಯಿ ಪ್ರಫುಲ್ಲಾ ಬಾಗಿಲಿಗೇ ಬಂದು ಕೈ ಹಿಡಿದುಕೊಂಡರು. "ಬನ್ನಿ ಬನ್ನಿ. ನಿಮ್ಮ ಕೈಕೆಲಸದ ವಿಷಯ ಇವನು ದಿನಾ ಹೇಳ್ತಾನೆ. ಎಷ್ಟು ಚೆಂದದ ಕೈ."

ಹುಟ್ಟುಹಬ್ಬಕ್ಕೆಂದು ಎತ್ತಿಟ್ಟಿದ್ದ ತನ್ನ ಗೊಂಬೆಯನ್ನು ಮೇಧಾ ಹೃಷೀಕೇಶನ ಕೈಯಿಂದ ಕಸಿದುಕೊಂಡೇ ಬಿಟ್ಟಳು. ಅದರ ಎರಡೂ ಕೈ ಮೇಲೆತ್ತಿ ಮನೆಯಿಡೀ ಓಡಿದಳು. "ಒದ್ದೆಯಾಗಲೇ ಇಲ್ಲ, ಒದ್ದೆಯಾಗಲೇ ಇಲ್ಲ." ನೆರೆಯ ಹೆಂಗಸರು ನಕ್ಕರು. ಕಂಬಕ್ಕೆ ಒರಗಿದ್ದ ಹೃಷೀಕೇಶ ಅವಳತ್ತ ನೋಡಿ ಹುಬ್ಬು ಹಾರಿಸಿದ. ಆ ಒಂದು ಗಳಿಗೆ ಶ್ರೀವಾಣಿಗೆ ಅದು ತನ್ನ ಮನೆ ಅನ್ನಿಸಿತು.

ಮಣೆ ಹಾಕಿದರು. ಆರತಿ ತಟ್ಟೆ ಬಂತು. ಪ್ರಫುಲ್ಲಾ ಶ್ರೀವಾಣಿಯ ಹತ್ತಿರ ಬಂದು ಮೆಲ್ಲಗೆ, ತುಂಬ ಪ್ರೀತಿಯಿಂದ ಹೇಳಿದರು: "ಇಲ್ಲಿ ಸೆಕೆ. ನೀವು ಒಳಗಿನ ಕೋಣೆಯಲ್ಲಿ ಕೂತುಕೊಳ್ಳಿ, ಫ್ಯಾನು ಉಂಟು. ಮುತ್ತೈದೆಯರ ಆರತಿ ಆದ ಕೂಡಲೇ ಕರೀತೇನೆ."

ಅವಳು ಎದ್ದಳು. ಇದು ಹೊಸದಲ್ಲ. ಕಾರ್ಕಳದಲ್ಲೂ ಇಂಥ ಫ್ಯಾನುಗಳ ಕೆಳಗೆ ಕೂತಿದ್ದಳು. ಕೋಣೆಯ ಬಾಗಿಲಿನಿಂದ ಮಣೆ ಕಾಣುತ್ತಿತ್ತು. ಈಗ ಹೇಳುತ್ತಾನೆ ಎಂದುಕೊಂಡಳು. ದೊಡ್ಡದೇನೂ ಬೇಡ, ಅವರೂ ಇಲ್ಲೇ ಇರಲಿ ಅಮ್ಮ, ಎಂದರೆ ಸಾಕು.

ಮೇಧಾ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಗೊಂಬೆ ಈಗ ಬೇಡ," ಎಂದರು ಪ್ರಫುಲ್ಲಾ. "ಆರತಿ ಆಗಲಿ. ಹೃಷೀ, ತೆಗೆದು ಆಚೆ ಇಡು."

ಹೃಷೀಕೇಶ ಬಗ್ಗಿದ. "ಕೊಡು ಪುಟ್ಟಾ, ಆಮೇಲೆ ಆಡುವ," ಎಂದು ನಗುತ್ತಾ ಬಿಡಿಸಿಕೊಂಡ. ಗೋಡೆಯ ಕಪಾಟಿನ ಖಾನೆ ತಗ್ಗಾಗಿತ್ತು. ಎತ್ತಿದ ಕೈಗಳು ಮೇಲಿನ ಹಲಗೆಗೆ ತಾಗಿದವು. ಅವನು ಯೋಚಿಸಲೂ ಇಲ್ಲ. ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ, ಎರಡೂ ಕೈಗಳನ್ನು ಮೈಗೆ ಅಂಟುವಂತೆ ಇಳಿಸಿ, ಒಳಗೆ ತಳ್ಳಿ ಬಾಗಿಲು ಮುಚ್ಚಿದ. ಆ ತಂತಿ ಅವನದೇ. ಎಲ್ಲಿ ಒತ್ತಿದರೆ ಎಷ್ಟು ಬಾಗುತ್ತದೆಂದು ಅವನ ಬೆರಳಿಗೆ ಗೊತ್ತಿತ್ತು.

ಮತ್ತೆ ತಾಯಿಯ ಪಕ್ಕ ನಿಂತು ಆರತಿಯ ಹಾಡಿಗೆ ಚಪ್ಪಾಳೆ ತಟ್ಟಿದ. ಕೋಣೆಯ ಕಡೆ ನೋಡಲಿಲ್ಲ.

ಊಟ ಚೆನ್ನಾಗಿತ್ತು. ಪ್ರಫುಲ್ಲಾ ಪಾಯಸ ಎರಡು ಸಲ ಬಡಿಸಿದರು. ಹೊರಡುವ ಹೆಂಗಸರಿಗೆ ಕುಂಕುಮ ಕೊಡುತ್ತಿದ್ದರು. ಶ್ರೀವಾಣಿಯ ಕೈಗೆ ಹಣ್ಣು ಮಾತ್ರ ಇಟ್ಟು, ಭುಜ ಸವರಿ, "ಆಗಾಗ ಬರ್ತಾ ಇರಿ," ಎಂದರು. ಆ ಮಾತಿನಲ್ಲಿ ಸುಳ್ಳು ಇರಲಿಲ್ಲ.

*

ಬಸ್‌ಸ್ಟ್ಯಾಂಡಿಗೆ ಅವನು ಓಡುತ್ತಲೇ ಬಂದ. ಕಂಡಕ್ಟರು ಮಣಿಪಾಲ, ಪರ್ಕಳ ಎಂದು ಕೂಗುತ್ತಿದ್ದ.

"ಹೇಳದೆ ಬಂದಿರಲ್ಲ. ಕಾರಲ್ಲಿ ಬಿಡ್ತಿದ್ದೆ."

"ಬಸ್ಸು ಉಂಟಲ್ಲ."

"ಇವತ್ತು ಹೇಳ್ಲಿಕ್ಕೆ ಆಗ್ಲಿಲ್ಲ. ಮನೆ ತುಂಬ ಜನ. ಅಮ್ಮನಿಗೆ ನಿಧಾನವಾಗಿ ಹೇಳಬೇಕು. ಜಾತಿ ಗೋತ್ರ ಎಲ್ಲ ಸರಿ ಉಂಟು, ಒಂದೇ ಒಂದು..." ನಿಲ್ಲಿಸಿದ. "ಅಮ್ಮ ನಿಮ್ಮನ್ನು ಎಷ್ಟು ಮೆಚ್ಚಿಕೊಂಡಿದ್ದಾರೆ ಗೊತ್ತುಂಟಾ?"

"ಗೊತ್ತುಂಟು."

"ಕೋಪ ಬಂತಾ?"

"ಇಲ್ಲ."

ಅದು ನಿಜ. ಕೋಪವಾದರೂ ಬಂದಿದ್ದರೆ ಒಳ್ಳೆಯದಿತ್ತು ಎಂದುಕೊಂಡಳು.

"ಶ್ರೀವಾಣಿ." ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನನಗೆ ನೀವು ಬೇಕು. ಬೇರೆ ಯಾರೂ ಬೇಡ. ಇದನ್ನು ಕಾಪುವಿನಲ್ಲೇ ಹೇಳಬೇಕಿತ್ತು."

ಜನ ಅವರನ್ನು ನೂಕಿಕೊಂಡು ಬಸ್ಸು ಹತ್ತುತ್ತಿದ್ದರು. ಅವನ ಅಂಗಿಯ ತೋಳಿಗೆ ಕುಂಕುಮದ ಹುಡಿ ತಾಗಿತ್ತು. ಒರೆಸಬೇಕು ಅನ್ನಿಸಿತು. ಅವಳ ಕೈ ಚೀಲದ ಒಳಗೆ ಗೊಂಬೆಯ ಮೇಲಿತ್ತು, ಅಲ್ಲೇ ಉಳಿಯಿತು.

"ನನಗೂ ನೀವು ಬೇಕಿತ್ತು," ಎಂದಳು. ಕೊನೆಯ ಪದವನ್ನು ಅವನು ಕೇಳಿಸಿಕೊಂಡ. ಅವನ ಮುಖ ಕುಗ್ಗಿತು.

"ಮೇಧಾಳ ಗೊಂಬೆಯ ಕೈ ಮೇಲೆತ್ತಿ ಕೊಡಿ," ಎಂದು ಬಸ್ಸಿನ ಮೆಟ್ಟಿಲಿನಿಂದ ಹೇಳಿದಳು. "ಕೈ ಕೆಳಗಿದ್ದರೆ ಅದು ಗುಳುಕ ಅಲ್ಲ."

"ಯಾವಾಗ ಇಳಿಸಿದೆ ನಾನು?"

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಬಸ್ಸು ಹೊರಟಿತು.

*

ಪರ್ಕಳದ ಜಗಲಿಯಲ್ಲಿ ಇನ್ನೂ ಬೆಳಕಿತ್ತು. ಸೆಲೀನ್ ಬಾಯಿ ಅವಳ ಸೀರೆ ನೋಡಿದರು, ಮುಖ ನೋಡಿದರು, ಏನೂ ಕೇಳದೆ ಚಹಾಕ್ಕೆ ನೀರಿಡಲು ಒಳಗೆ ಹೋದರು.

ಫೋನಿಗೆ ಫೋಟೋ ಬಂತು. ಕಪಾಟಿನ ಮುಂದೆ ನಿಂತ ಗುಳುಕ, ಎರಡೂ ಕೈ ಮೇಲೆ. ಹಿಂದೆ ಎತ್ತಿಟ್ಟ ಮಣೆ, ಗುಡಿಸಿದ ನೆಲ. ಮನೆಯಲ್ಲಿ ಯಾರೂ ಇದ್ದಂತಿರಲಿಲ್ಲ. ಕೆಳಗೆ ಬರೆದಿದ್ದ: ಎತ್ತಿದೆ ನೋಡಿ. ಭಾನುವಾರ ಬರಲೇ?

ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು. ಬರಬೇಡಿ ಎಂದು ಬರೆದಳು. ಕಳಿಸಿದಳು.

ಚೀಲದಿಂದ ಚಿನ್ಮಯನ ಗೊಂಬೆಯನ್ನು ತೆಗೆದು ಕಿಟಕಿಯಲ್ಲಿ ಕೂರಿಸಿದಳು. ಬಲಗೈ ಬಿಚ್ಚಿಬಿಡೋಣ ಎಂದು ಕತ್ತರಿ ಹಿಡಿದು, ಕೆಳಗಿಟ್ಟಳು. ಎರಡು ಕೈಗಳೂ ಸಮವಾಗಿದ್ದವು. ಯಾವುದು ಯಾವಾಗಿನದೆಂದು ಗುರುತಿಸಲು ಅವಳಿಗೇ ಈಗ ತಿರುಗಿಸಿ ನೋಡಬೇಕಿತ್ತು.

ಕ್ಯಾರಲ್ ತನಗೊಂದು ಆಮೆ ಬೇಕೆಂದು ಹೇಳಿದ್ದಳು. ಹಸಿರು ನೂಲು ತೆಗೆದು ಮೊದಲ ಸುತ್ತು ಹೆಣೆದಳು. ಕೈ ಎಂದಿನಂತೆಯೇ ಓಡಿತು, ಎಲ್ಲ ಸರಿ ಅನ್ನಿಸಿತು. ಎರಡನೆಯ ಸುತ್ತಿಗೆ ತಿರುಗಿಸಿ ಕುಣಿಕೆಯ ಬಾಯಿಗೆ ಕಡ್ಡಿ ಇಟ್ಟಳು. ಒತ್ತಿದಳು. ಬೆರಳು ಬೆಳ್ಳಗಾಗುವಂತೆ ಒತ್ತಿದಳು.

ಕಡ್ಡಿ ಒಳಗೆ ಹೋಗಲಿಲ್ಲ.