ಹತ್ತು ಮೀಟರ್ ಕೆಳಗಿನ ಮೆತ್ತನೆ ಮಣ್ಣು

"ಕೆರೆ ಮುಚ್ಚಿದ ಜಾಗ ದಾನ ಕೊಟ್ಟೆ ಅಂತಾರೆ ಮೇಡಂ. ನಮ್ಮಪ್ಪ ರಾಗಿ ಬೆಳೆದ ಹೊಲ ಅದು," ಎಂದು ರುದ್ರಮ್ಮ ಕಣ್ಣೊರೆಸಿಕೊಂಡರು.

೧೯೮೩ರ ಮಾತು. ಜಯನಗರದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಉಮಾಮಹೇಶ್ವರಿ ಮೇಡಂ ಬಳಿಗೆ ಇಂಥ ಒಗಟುಗಳು ಬರುತ್ತಲೇ ಇದ್ದವು. ಅವರ ಲ್ಯಾಬ್ ಅಟೆಂಡರ್ ಆಗಿದ್ದ ಪಾಪಯ್ಯ ನಾನು. ಆಗಲೂ ಅವರ ಜೊತೆಗೇ ಓಡಾಡುತ್ತಿದ್ದೆ. ಕುಮಾರಸ್ವಾಮಿ ಲೇಔಟ್ ಪಕ್ಕದ ತಮ್ಮ ಹೊಲವನ್ನು ರುದ್ರಮ್ಮ ಹೆರಿಗೆ ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದರು. ಹತ್ತರಿಂದ ಹನ್ನೆರಡು ಮೀಟರ್ ಆಳದಲ್ಲಿ ಮೆತ್ತನೆ ಪದರವಿದೆ ಎಂದು ಮಣ್ಣು ಪರೀಕ್ಷೆಯವರು ಬರೆದದ್ದೇ ತಡ, ಕಟ್ಟಡದ ಮಾತೇ ನಿಂತುಹೋಗಿತ್ತು.

ಮರುದಿನ ನಾವು ಅಲ್ಲಿಗೆ ಹೋದಾಗ ಮೇಡಂ ಹೇಳಿಕಳಿಸಿ ಕರೆಸಿದ್ದ ಪರೀಕ್ಷೆಯವರ ಜೀಪೂ ಬರುತ್ತಿತ್ತು. ಕುರಿಮಂದೆ ಅಡ್ಡ ಬಂತು. ಡ್ರೈವರ್ ಪಿಳ್ಳಣ್ಣ ಕೆಳಗಿಳಿದು, ಕೈಬೀಸಿ ಅವನ್ನು ಓಡಿಸಿದ.

ಇಂಜಿನಿಯರ್ ಉಗ್ರಪ್ಪ ವಿವರಿಸಿದರು: "ಈ ಹಲಗೆ ಮೇಲೆ ಜೀಪಿನ ಚಕ್ರ ಹತ್ತಿಸ್ತೀವಿ. ಯಲ್ಲಯ್ಯ ಪಕ್ಕದಿಂದ ಸುತ್ತಿಗೇಲಿ ಹೊಡೀತಾನೆ. ಆ ಅಡ್ಡ ನಡುಕ ಮಣ್ಣಲ್ಲಿ ಇಳಿಯುತ್ತೆ. ಕೊಳವೆಬಾವಿಯೊಳಗೆ ಕೇಬಲ್‌ನಲ್ಲಿ ಇಳಿಬಿಟ್ಟಿರೋ ಡಬ್ಬಿಗೆ ಅದು ಮುಟ್ಟೋ ಹೊತ್ತನ್ನ ಮಿಷನ್ ಬರೆಯುತ್ತೆ. ಗಟ್ಟಿ ಮಣ್ಣಲ್ಲಿ ಬೇಗ, ಮೆತ್ತನೆ ಮಣ್ಣಲ್ಲಿ ನಿಧಾನ. ಇಲ್ಲಿ ಆ ಎರಡು ಮೀಟರಿಗೆ ಮಾತ್ರ ಡಬಲ್ ಟೈಮ್ ತಗೊಂಡಿದೆ ಮೇಡಂ."

ಮೇಡಂ ಉಗ್ರಪ್ಪನವರ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದರು. ಆಮೇಲೆ ಕೇಬಲ್ಲನ್ನು ನೆಲದ ಮೇಲೆ ಉದ್ದಕ್ಕೆ ಹಾಸಿಸಿದರು. ಎರಡೆರಡು ಮೀಟರಿಗೆ ಬಣ್ಣದ ಗುರುತುಗಳಿದ್ದವು. ಒಂದು ಕಡೆ ಮಾರುದ್ದಕ್ಕೂ ಕಪ್ಪು ಟೇಪು ಸುತ್ತಿದ್ದರು.

"ಪಾಪಯ್ಯ, ಹತ್ತು, ಹನ್ನೆರಡರ ಗುರುತಿನ ಮಧ್ಯೆ ಎಷ್ಟಿದೆ ಅಳೆ."

ಅಳೆದೆ. ನಾಲ್ಕು ಮೀಟರ್ ಇತ್ತು.

ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ ಮೇಡಂ ಹೇಳಿದರು: "ಹೋದ ತಿಂಗಳು ಬನಶಂಕರೀಲಿ ಈ ತೊಂದರೆ ಇರಲಿಲ್ಲ. ಹೋದ ವಾರ ಗಿರಿನಗರದಲ್ಲಿ ಇದೇ ಆಳಕ್ಕೆ ಡಬಲ್ ಟೈಮ್. ಎರಡು ಕಡೆ ಒಂದೇ ಆಳಕ್ಕೆ ಒಂದೇ ಕಾಯಿಲೆ ಅಂದ್ರೆ ಅದು ನೆಲದ್ದಲ್ಲ, ಕೇಬಲ್ಲಿಂದು. ಡಬ್ಬಿ ಎರಡು ಮೀಟರ್ ಇಳೀತು ಅಂತ ನೀವು ಬರೆದಾಗ ಅದು ನಾಲ್ಕು ಮೀಟರ್ ಇಳಿದಿತ್ತು. ಟೇಪಿನೊಳಗೆ ಸೇರಿಸಿರೋದು ಗಾಡಿ ವೈರು. ಕುರಿ ಅಡ್ಡ ಬಂದ್ರೂ ಪಿಳ್ಳಣ್ಣ ಹಾರ್ನ್ ಹೊಡೀಲಿಲ್ಲ. ಹೊಡೆಯೋಕೆ ಹಾರ್ನಿಗೆ ವೈರೇ ಇರಲಿಲ್ಲ."

ಪಿಳ್ಳಣ್ಣ ತಲೆ ತಗ್ಗಿಸಿದ. "ಗಿರಿನಗರದ ಕೆಲಸದ ಹಿಂದಿನ ದಿನ, ರಿವರ್ಸ್ ತಗೊಳ್ಳೋವಾಗ ಚಕ್ರ ಹತ್ತಿ ಕೇಬಲ್ ತುಂಡಾಯ್ತು. ತುದಿಗಳು ಜಜ್ಜಿಹೋಗಿ ನೇರ ಕೂಡ್ಲಿಲ್ಲ; ಕೆಲಸ ಹೋಗತ್ತೆ ಅಂತ ಹೆದರ್ಕೊಂಡು ಮಧ್ಯೆ ಹಾರ್ನಿನ ವೈರು ಸೇರಿಸ್ಬಿಟ್ಟೆ. ಉದ್ದ ಆದ್ರೆ ಹಿಂಗಾಗತ್ತೆ ಅಂತ ಗೊತ್ತಿರ್ಲಿಲ್ಲ ಮೇಡಂ."

"ಅವತ್ತೇ ಹೇಳಿದ್ರೆ ಬರೀ ಬೈತಿದ್ದೆ ಕಣಯ್ಯಾ," ಎಂದರು ಉಗ್ರಪ್ಪ. "ಗಿರಿನಗರದ್ದೂ ತಿರುಗಿ ಅಳೀಬೇಕು. ನೀನೇ ಗಾಡಿ ಓಡಿಸ್ಬೇಕು."

ಮುಂದಿನ ವಾರ ಹೊಸ ಕೇಬಲ್ ಬಂತು. ಯಲ್ಲಯ್ಯನ ಕೈಯಿಂದ ಸುತ್ತಿಗೆ ಇಸಿದುಕೊಂಡು ಮೊದಲ ಏಟನ್ನು ರುದ್ರಮ್ಮನೇ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಉಗ್ರಪ್ಪ ಕಾಗದದಿಂದ ತಲೆಯೆತ್ತಿದರು.

"ಮೇಲಿಂದ ಕೆಳಗಿನ ತನಕ ಗಟ್ಟಿ ನೆಲ, ಅಮ್ಮ."

ರುದ್ರಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. "ಹಂಗಾದ್ರೆ ಪಾಯ ಯಾವತ್ತು ತೆಗೀತೀರಾ ಹೇಳಿ," ಎಂದರು.